ದುಡ್ಡು ಬಂತು, ನೀವು ಬರಲಿಲ್ಲ

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷದಿಂದ ಒಬ್ಬರು ಕಾವಲಿಗಿದ್ದಾರೆ. ದೋರ್ನಕಲ್ ಹತ್ತಿರದ ಹಳ್ಳಿಯವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ‘ಅಣ್ಣಾ’ ಅನ್ನುತ್ತೇನೆ, ಅವರು ನನ್ನನ್ನು ‘ಸಾರ್’ ಅನ್ನುತ್ತಾರೆ. ಇಬ್ಬರೂ ಕ್ರೈಸ್ತರು. ಭಾನುವಾರ ಬೆಳಿಗ್ಗೆ ಅವರು ತೆಲುಗು ಆರಾಧನೆಗೆ ಹೋಗುತ್ತಾರೆ, ನಾವು ಇಂಗ್ಲಿಷ್ ಆರಾಧನೆಗೆ. ಗೇಟಿನಲ್ಲಿ ಎದುರಾದಾಗ ಇಬ್ಬರ ಕೈಯಲ್ಲೂ ಬೈಬಲ್ ಇರುತ್ತದೆ. ಒಂದು ನಗು, ಒಂದು ‘ಪ್ರೈಸ್ ದ ಲಾರ್ಡ್’, ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಮೇ ತಿಂಗಳಲ್ಲಿ ಊರಿನಲ್ಲಿ ಅವರ ಮಗಳ ಮದುವೆ. ಪತ್ರಿಕೆ ಹಿಡಿದು ಮನೆಗೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ನಿಂತುಕೊಂಡೇ ಕರೆದರು. ಬರುತ್ತೇನೆ ಅಂದೆ. ಆ ವಾರ ನಮ್ಮ ಪ್ರಾಜೆಕ್ಟಿನ ರಿಲೀಸ್ ಇತ್ತು. ಅದೇ ನೆಪ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ರಿಲೀಸ್ ಗುರುವಾರವೇ ಮುಗಿದಿತ್ತು. ಶನಿವಾರ ಬೆಳಿಗ್ಗೆ ಬಿಸಿಲು ನೋಡಿ ಬೇಜಾರಾಯಿತು, ಅಷ್ಟೇ. ಮಂಚದ ಮೇಲೆ ಮಲಗಿಕೊಂಡೇ ಫೋನ್‌ಪೇಯಲ್ಲಿ ಐದು ಸಾವಿರ ಕಳಿಸಿದೆ. ಧಾರಾಳವಾಗಿಯೇ ಕಳಿಸಿದೆನಲ್ಲ ಎಂದು ಸಮಾಧಾನವೂ ಆಯಿತು.

ವಾರದ ನಂತರ ಅವರು ಕೆಲಸಕ್ಕೆ ಮರಳಿದರು. ನಾನು ಕಾರಿನ ಕಿಟಕಿ ಇಳಿಸಿ, “ಮದುವೆ ಚೆನ್ನಾಗಿ ಆಯ್ತಾ ಅಣ್ಣಾ? ದುಡ್ಡು ಬಂತಾ?” ಅಂದೆ.

“ದುಡ್ಡು ಬಂತು ಸಾರ್, ನೀವು ಬರಲಿಲ್ಲ,” ಅಂದರು. ಆಮೇಲೆ ತಡೆದು, “ನಿಮಗೆ ಅಂತ ಎಲೆ ಹಾಕಿಸಿ ಇಟ್ಟಿದ್ವಿ.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೊರಿಯರ್ ಬಂದಿದೆ ಎಂದು ಹೇಳುವ ದನಿಯಲ್ಲೇ ಹೇಳಿದ್ದರು. ಆದರೆ ಆ ಎರಡು ಮಾತನ್ನು ನಾನು ಎಲ್ಲೋ ಓದಿದ್ದೇನೆ ಅನ್ನಿಸಿತು. ಆಫೀಸು ಮುಟ್ಟುವ ಹೊತ್ತಿಗೆ ನೆನಪಾಯಿತು. 1910ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ಹೆಚ್ಚುಕಡಿಮೆ ಇದೇ ಮಾತನ್ನು ಒಬ್ಬರು ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಆಡಿದ್ದರು. ಆಡಿದವರು ಇದೇ ದೋರ್ನಕಲ್‌ನ ಪಾದ್ರಿ.

*

ಅವರ ಹೆಸರು ವೇದನಾಯಗಂ ಸ್ಯಾಮುವೇಲ್ ಅಜರಯ್ಯ. ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ನಮ್ಮ ಕಡೆಯವರಿಗೆ ಆ ವರ್ಷಕ್ಕೆ ಬೇರೊಂದು ಗುರುತಿದೆ. ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾಗಿದ್ದು ಅದೇ 1874ರಲ್ಲಿ. ಆ ಹಳಿಯೇ ಮುಂದೆ ವಾರಂಗಲ್ ದಾಟಿ, ದೋರ್ನಕಲ್ ಹಾಯ್ದು ಬೆಜವಾಡಕ್ಕೆ ಹೋಯಿತು. ಸಿಂಗರೇಣಿಯ ಕಲ್ಲಿದ್ದಲು ಸಿಕ್ಕಿದ ಮೇಲೆ ದೋರ್ನಕಲ್ ಜಂಕ್ಷನ್ ಆಯಿತು. ವಾಡಿಯ ಹತ್ತಿರದ ಹಳ್ಳಿಯವನಾದ ನಾನು ಹೈದರಾಬಾದಿಗೆ ಬಂದಿದ್ದು ಆ ಹಳಿಯ ಈ ತುದಿಯಿಂದ. ನಮ್ಮ ಕಾವಲಿನ ಅಣ್ಣ ಬಂದಿದ್ದು ಆ ಕಡೆಯಿಂದ.

ಅಜರಯ್ಯನವರ ತಂದೆ ಹಳ್ಳಿಯ ಸಭಾಪಾಲಕರು. ಜಾತಿಯಲ್ಲಿ ನಾಡಾರರು. ಹಿಂದೆ ಶಾಣಾರರು ಎಂದು ಕರೆಸಿಕೊಂಡು, ತಾಳೆಮರ ಹತ್ತುವವರು ಎಂದು ಹೀಯಾಳಿಸಿಕೊಂಡು, ದೇವಸ್ಥಾನದೊಳಕ್ಕೆ ಪ್ರವೇಶವಿಲ್ಲದೆ ಬದುಕಿದ ಜನ. ಹುಡುಗ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದ. ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಡಿಗ್ರಿ ಕೈಗೆ ಬರಲೇ ಇಲ್ಲ. ಎಂಟೆಕ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವ ನನ್ನಂಥವನಿಗೆ ಇದು ಓದಲು ಹಿತವಾದ ವಿಷಯ. ಮುಂದೆ 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

1895ರಲ್ಲಿ ವೈಎಂಸಿಎ ಸೇರಿ ಊರೂರು ತಿರುಗಿದರು. ಅಲ್ಲಿ ಅವರಿಗೆ ಶೆರ್ವುಡ್ ಎಡ್ಡಿ ಎಂಬ ಅಮೆರಿಕದವನ ಪರಿಚಯವಾಯಿತು. ಒಟ್ಟಿಗೆ ಪ್ರಯಾಣ, ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಕೆಲಸ. ಎಡ್ಡಿ ತಮಿಳು ಕಲಿತ. ಆ ಸ್ನೇಹ ದಶಕಗಳ ಕಾಲ ಉಳಿಯಿತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಜರಯ್ಯನವರು ಬಿಳಿಯರ ಮೇಲಿನ ಕಹಿಯಿಂದ ಮಾತಾಡಿದವರಲ್ಲ. ಒಬ್ಬ ಬಿಳಿಯನೊಡನೆ ನಿಜವಾದ ಸ್ನೇಹ ಹೇಗಿರುತ್ತದೆ ಎಂದು ಉಂಡು ನೋಡಿದವರು. ಅದಕ್ಕೇ ಉಳಿದ ಕಡೆ ಅದಿಲ್ಲ ಎಂಬುದು ಅವರಿಗೆ ಅಷ್ಟು ಚೆನ್ನಾಗಿ ಗೊತ್ತಾಯಿತು.

1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ತಮ್ಮದೇ ದುಡ್ಡಿನಲ್ಲಿ, ತಮ್ಮದೇ ಜನರನ್ನು ಕಳಿಸಿ ನಡೆಸುವ ಒಂದು ಮಿಷನರಿ ಸಂಘವನ್ನು ಕಟ್ಟಿದರು. ಅದರ ಮುಂದಾಳುಗಳಲ್ಲಿ ಅಜರಯ್ಯ ಒಬ್ಬರು. ಆ ಸಂಘ ಕೆಲಸಕ್ಕೆ ಆರಿಸಿಕೊಂಡ ಜಾಗ ನಿಜಾಮ್ ಸಂಸ್ಥಾನದ ದೋರ್ನಕಲ್ ಸೀಮೆ. ತಮಿಳರಿಗೆ ಅದು ಪರದೇಶವೇ. ಬೇರೆ ಭಾಷೆ, ಬೇರೆ ಊಟ, ಬೇರೆ ಆಳ್ವಿಕೆ. ಬೇರೆಯವರನ್ನು ಕಳಿಸಿ ತಾನು ಆಫೀಸಿನಲ್ಲಿ ಕೂತಿರುವುದು ಸರಿಯಲ್ಲ ಅನ್ನಿಸಿ, 1909ರಲ್ಲಿ ಪಾದ್ರಿ ದೀಕ್ಷೆ ಪಡೆದು ಅವರೇ ಹೆಂಡತಿ ಅನ್ಬು ಮತ್ತು ಮಕ್ಕಳೊಂದಿಗೆ ದೋರ್ನಕಲ್‌ಗೆ ಬಂದರು. ಮೂವತ್ತೈದರ ವಯಸ್ಸಿನಲ್ಲಿ ತೆಲುಗು ಕಲಿತರು.

ಮರುವರ್ಷ ಎಡಿನ್‌ಬರೋದಲ್ಲಿ ಜಗತ್ತಿನ ಪ್ರೊಟೆಸ್ಟೆಂಟ್ ಮಿಷನ್‌ಗಳ ದೊಡ್ಡ ಸಮ್ಮೇಳನ. ಸುಮಾರು 1,200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. 1910ರ ಜೂನ್ 20ರ ಸಂಜೆ ಅಜರಯ್ಯನವರ ಸರದಿ. ವಿದೇಶಿ ಕೆಲಸಗಾರರೂ ನಾಡಿನ ಕೆಲಸಗಾರರೂ ಹೊಂದಿಕೊಂಡು ನಡೆಯುವುದು ಹೇಗೆ ಎಂಬುದು ವಿಷಯ. ಇಂಥ ವಿಷಯಕ್ಕೆ ನಮ್ಮ ಆಫೀಸುಗಳಲ್ಲಿ ಹೇಗೆ ಮಾತಾಡುತ್ತೇವೆ ಎಂದು ನಿಮಗೆ ಗೊತ್ತಿದೆ. ನಾಲ್ಕು ಸ್ಲೈಡ್, ಎರಡು ಹೊಗಳಿಕೆ, ಕೊನೆಗೆ ಥ್ಯಾಂಕ್ಯೂ. ಅಜರಯ್ಯ ಹಾಗೆ ಮಾಡಲಿಲ್ಲ.

ಮಿಷನರಿಗಳಿಗೂ ಭಾರತದ ಕ್ರೈಸ್ತರಿಗೂ ನಡುವೆ ಸ್ನೇಹವಿಲ್ಲ ಎಂದು ನೇರವಾಗಿ ಹೇಳಿದರು. ಮನೆಗೆ ಕರೆಯುವುದಿಲ್ಲ, ಮನೆಗೆ ಬರುವುದಿಲ್ಲ. ಕೈ ಕುಲುಕುವುದು, ಕುರ್ಚಿ ಕೊಡುವುದು, ಚಹಕ್ಕೆ ಕರೆಯುವುದು ಇವೇ ಮುಖ್ಯ ಎಂದು ತಾನು ಹೇಳುತ್ತಿಲ್ಲ, ಆದರೆ ಮೇಲೆ ನಿಂತು ತೋರಿಸುವ ದಯೆ ಸ್ನೇಹವಲ್ಲ ಎಂದರು. ಕೊನೆಯಲ್ಲಿ ಮಿಷನರಿಗಳ ತ್ಯಾಗವನ್ನು ಮನಸಾರೆ ಒಪ್ಪಿಕೊಂಡರು. ನಿಮ್ಮ ಆಸ್ತಿಯನ್ನು ನಮ್ಮ ಬಡವರಿಗೆ ಕೊಟ್ಟಿದ್ದೀರಿ, ನಿಮ್ಮ ದೇಹವನ್ನೇ ಸುಡಲು ಕೊಟ್ಟಿದ್ದೀರಿ, ಇಷ್ಟರ ಜೊತೆಗೆ ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರು ಬೇಕು ಎಂಬುದು ಅವರ ಮಾತಿನ ಸಾರ.

ಹೊರಗಿನಿಂದ ನೋಡಿದರೆ ಇದು ವಿನಯದ ಕೋರಿಕೆ. ಆದರೆ ಆ ಸಭೆಯಲ್ಲಿ ಕೂತಿದ್ದವರೆಲ್ಲ ಬೈಬಲನ್ನು ಬಾಯಿಪಾಠ ಮಾಡಿದವರು. ಆಸ್ತಿ ಕೊಡುವುದು, ದೇಹ ಸುಡಲು ಕೊಡುವುದು ಎಂಬ ಮಾತು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದ್ದು. ಅಲ್ಲಿ ಪೌಲ ಹೇಳುವುದೇನೆಂದರೆ, ಇವೆರಡನ್ನೂ ಮಾಡಿ ಪ್ರೀತಿ ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಆ ಉಳಿದರ್ಧವನ್ನು ಅಜರಯ್ಯ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಲವರು ಬೆಚ್ಚಿದರು, ಕೆಲವರು ಮೆಚ್ಚಿದರು, ಕೆಲವರಿಗೆ ಸಿಟ್ಟು ಬಂತು. ಆ ಸಮ್ಮೇಳನದ ನೂರಾರು ಭಾಷಣಗಳಲ್ಲಿ ಇವತ್ತಿಗೂ ಜನ ನೆನೆಯುವುದು ಈ ಒಂದನ್ನು.

*

ನನ್ನ ಅಜ್ಜ ನಮ್ಮ ಕಡೆಯ ಒಂದು ಬಂಗಲೆಯಲ್ಲಿ ಒಬ್ಬ ದೊರೆಯ ಬಳಿ ಅಡುಗೆಗೆ ಇದ್ದವರು. ದೊರೆ ಒಳ್ಳೆಯವನು ಎಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಜ್ವರ ಬಂದಾಗ ತಾನೇ ಔಷಧ ಕುಡಿಸಿದ, ನನ್ನಪ್ಪನ ಶಾಲೆ ಫೀಸು ಕಟ್ಟಿದ, ಊರು ಬಿಟ್ಟು ಹೋಗುವಾಗ ಅತ್ತ. ಒಮ್ಮೆ ನಾನು ಹುಡುಗಬುದ್ಧಿಗೆ ಕೇಳಿದ್ದೆ. “ಯಜ್ಜಾ, ದೊರಿ ಜೋಡಿ ಕುಂತು ಊಟ ಮಾಡೀದೇನು?”

ಅಜ್ಜ ನಕ್ಕರು. “ಹುಚ್ಚಪ್ಪಾ, ನಾ ಕುಂತರ ಬಡಸಾವ್ರು ಯಾರು?”

ಆ ಮಾತಿಗೆ ಮನೆಯವರೆಲ್ಲ ನಕ್ಕಿದ್ದು ನೆನಪಿದೆ. ಅಜರಯ್ಯನವರ ಭಾಷಣ ಓದುವವರೆಗೆ ನನಗೆ ಅದು ನಗುವ ಮಾತೇ ಆಗಿತ್ತು.

ನಮ್ಮ ಪ್ರಾರ್ಥನೆಗಳಲ್ಲಿ ಯೇಸುವಿಗೆ ಇರುವ ಹೆಸರುಗಳನ್ನು ನೋಡಿ. ಸ್ವಾಮಿ, ಕರ್ತ, ಪ್ರಭು, ಒಡೆಯ, ಅರಸ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಬಳ್ಳಾರಿಯಲ್ಲಿ ಕೂತು ಶುರುಮಾಡಿದ ಕನ್ನಡ ಬೈಬಲ್ ಪೂರ್ತಿಯಾಗಿ ಅಚ್ಚಾಗಿದ್ದು 1831ರಲ್ಲಿ. ಅಂದಿನಿಂದ ಈ ಹೆಸರುಗಳು ನಮ್ಮ ನಾಲಿಗೆಯಲ್ಲಿ ಪಳಗಿವೆ. ಆಳಾಗಿ ಬಾಳಿದ ಜನಕ್ಕೆ ಒಡೆಯನೆಂಬ ಮಾತು ಸುಲಭವಾಗಿ ಬರುತ್ತದೆ. ಹಳೆಯ ಒಡೆಯ ಹೋಗಿ ಒಳ್ಳೆಯ ಒಡೆಯ ಬಂದ, ಅಷ್ಟೇ. ಆದರೆ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಕಡೆಯ ಊಟದ ರಾತ್ರಿ, ಯೇಸು ತನ್ನ ಶಿಷ್ಯರಿಗೆ ಬೇರೆಯದನ್ನೇ ಹೇಳುತ್ತಾನೆ. ಇನ್ನು ಮೇಲೆ ನೀವು ಆಳುಗಳಲ್ಲ, ಸ್ನೇಹಿತರು ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ. ಒಡೆಯನ ಮನಸ್ಸಿನಲ್ಲಿ ಏನಿದೆ ಎಂಬುದು ಆಳಿಗೆ ಗೊತ್ತಿರುವುದಿಲ್ಲ. ತಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದಾನೆ.

ಅಂದರೆ ಆಳಿಗೂ ಸ್ನೇಹಿತನಿಗೂ ಇರುವ ವ್ಯತ್ಯಾಸ ಕೂಲಿಯದ್ದಲ್ಲ, ಮಾತಿನದ್ದು. ಹೇಳಿಕೊಳ್ಳುವುದಿದ್ದರೆ ಸ್ನೇಹ. ಈ ಲೆಕ್ಕದಲ್ಲಿ ನಮ್ಮ ಗೇಟನ್ನು ನೋಡಿದೆ. ನಾನು ಎಷ್ಟು ಗಂಟೆಗೆ ಬರುತ್ತೇನೆ, ಯಾವ ಪಾರ್ಸೆಲ್ ಬರುತ್ತದೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲವೂ ಆ ಅಣ್ಣನಿಗೆ ಗೊತ್ತು. ಆದರೆ ಅವು ನಾನು ಹೇಳಿದ್ದಲ್ಲ, ಅವರು ನೋಡಿದ್ದು. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಡ್ಯೂಟಿಯ ಹೊತ್ತು ಮಾತ್ರ. ಮದುವೆಗೆ ದುಡ್ಡು ಕಳಿಸುವಾಗ ಫೋನಿನಲ್ಲಿ ಅವರ ನಂಬರು ಹುಡುಕಿದ್ದು ‘ವಾಚ್‌ಮನ್ ಬಿ ಬ್ಲಾಕ್’ ಎಂಬ ಹೆಸರಿನಲ್ಲಿ.

ಯೇಸುವನ್ನು ಸ್ನೇಹಿತ ಎಂದು ಕರೆಯುವ ಹಾಡುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಐರ್ಲೆಂಡಿನಿಂದ ಕೆನಡಾಕ್ಕೆ ವಲಸೆ ಹೋದ ಜೋಸೆಫ್ ಸ್ಕ್ರಿವೆನ್ ದೂರದ ತಾಯಿಯ ಸಮಾಧಾನಕ್ಕೆಂದು 1855ರಲ್ಲಿ ಬರೆದ ಹಾಡು ನಮ್ಮ ಭಾಷೆಗಳಿಗೆಲ್ಲ ಬಂದಿದೆ. ಸಾವಿನ ಮನೆಯಲ್ಲೂ ಮದುವೆ ಮನೆಯಲ್ಲೂ ಹಾಡುತ್ತೇವೆ. ಆದರೆ ನಾವು ಹಾಡುವಾಗ ಆ ಸ್ನೇಹ ನಮ್ಮ ಕಷ್ಟ ಕೇಳಿಸಿಕೊಳ್ಳುವ ಸ್ನೇಹ. ಸುವಾರ್ತೆಗಳಲ್ಲಿ ‘ಸ್ನೇಹಿತ’ ಎಂಬ ಮಾತು ಯೇಸುವಿಗೆ ಅಂಟಿದ್ದು ಬೈಗುಳವಾಗಿ. ಸುಂಕದವರ, ಪಾಪಿಗಳ ಸ್ನೇಹಿತ ಎಂದು ಜನ ಅವನನ್ನು ಆಡಿಕೊಂಡರು ಎಂದು ಮತ್ತಾಯನ 11ನೆಯ ಅಧ್ಯಾಯ ಹೇಳುತ್ತದೆ. ಅವರಿಗೆ ಉಪಕಾರ ಮಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅವರ ಜೊತೆ ಕೂತು ತಿಂದ, ಅದೇ ತಪ್ಪು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಯೇಸು ಊಟಕ್ಕೆ ಕೂತ ಪ್ರಸಂಗಗಳಲ್ಲಿ ಹೆಚ್ಚಿನವುಗಳಲ್ಲಿ ಅವನು ಅತಿಥಿ. ಜಕ್ಕಾಯನ ಮನೆಗೆ ತಾನೇ ಹೇಳಿ ಹೋಗುತ್ತಾನೆ. ಬೇಥಾನ್ಯದಲ್ಲಿ ಮಾರ್ಥಳ ಕೈಯಡುಗೆ ಉಣ್ಣುತ್ತಾನೆ. ಸಮಾರ್ಯದ ಬಾವಿಯ ಹತ್ತಿರ ಬಾಯಾರಿ ಕೂತು, ಯೆಹೂದ್ಯರು ಮುಟ್ಟದ ಜನದ ಹೆಂಗಸನ್ನು ನೀರು ಕೇಳುತ್ತಾನೆ. ಕುಡಿಯಲು ಕೊಡು ಎಂದು ಕೇಳಿದ್ದೇ ಆ ಹೆಂಗಸಿಗೆ ಆಶ್ಚರ್ಯ. ನಮ್ಮ ಊರುಗಳಲ್ಲಿ ಬಾವಿ ಎಂದರೆ ಏನು, ಯಾರ ಕೊಡದ ನೀರು ಯಾರು ಕುಡಿಯುತ್ತಾರೆ ಎಂದು ಗೊತ್ತಿರುವವರಿಗೆ ಆ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ನೇಹ ಶುರುವಾಗಿದ್ದು ಕೊಟ್ಟಿದ್ದರಿಂದಲ್ಲ, ಕೇಳಿದ್ದರಿಂದ.

*

ನಮ್ಮ ನಾಡಿನಲ್ಲಿ ಇಂಥ ಸ್ನೇಹ ನಡೆದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ನಿಮಗೆ ಗೊತ್ತು. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಗದ್ದಲವಾಯಿತು. ಎರಡು ವರ್ಷದ ಮೇಲೆ ಮೊಗ್ಲಿಂಗ್ ಊರಿಗೆ ಹೋಗುವಾಗ ಅವನನ್ನೂ ಯುರೋಪಿಗೆ ಕರೆದೊಯ್ದ. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಆನಂದರಾವ್ ಮರಳಿದರು. ಮುಂದೆ ಕೊಡಗಿನಲ್ಲಿ ಇಬ್ಬರೂ ಕೆಲಸ ಮಾಡಿದರು. ಅಲ್ಲಿನ ಆನಂದಪುರಕ್ಕೆ ಆ ಹೆಸರು ಬಂದಿದ್ದು ಅವರಿಂದಲೇ. ಆದರೆ ಇಂಥವು ಒಬ್ಬೊಬ್ಬರ ಕತೆಗಳು. ಅಜರಯ್ಯ ಕೇಳಿದ್ದು ಇದು ರೂಢಿಯಾಗಬೇಕೆಂದು.

ಹೈದರಾಬಾದಿನಿಂದ ನೂರು ಕಿಲೋಮೀಟರಿನೊಳಗೆ ಮೆದಕ್ ಇದೆ. ಅಲ್ಲಿನ ದೊಡ್ಡ ಬೂದುಬಣ್ಣದ ದೇವಾಲಯ 1924ರ ಕ್ರಿಸ್ಮಸ್ ದಿನ ಬಾಗಿಲು ತೆರೆಯಿತು. ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್. ಬರಗಾಲದಲ್ಲಿ ಜನರಿಗೆ ಕೆಲಸ ಕೊಟ್ಟು ಅನ್ನ ಹಾಕಿ ಕಟ್ಟಿಸಿದರು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಪ್ರತಿ ಕ್ರಿಸ್ಮಸ್‌ಗೆ ಹೈದರಾಬಾದಿನ ಅರ್ಧ ಜನ ಅಲ್ಲಿಗೆ ಹೋಗುತ್ತಾರೆ, ನಾವೂ ಹೋಗಿದ್ದೇವೆ. ಹಸಿದವರಿಗೆ ಅನ್ನ ಕೊಟ್ಟ ಪುಣ್ಯವನ್ನು ನಾನು ಕಡಿಮೆ ಮಾಡಲಾರೆ. ಹಸಿದಾಗ ಬೇಕಾದ್ದು ಅನ್ನವೇ. ಆದರೆ ಹಸಿವು ತೀರಿದ ಮೇಲೂ ಅನ್ನ ಕೊಡುವವನು ಕೊಡುವ ಕಡೆಯೇ, ತೆಗೆದುಕೊಳ್ಳುವವನು ತೆಗೆದುಕೊಳ್ಳುವ ಕಡೆಯೇ ಉಳಿದುಬಿಟ್ಟರೆ ಏನಾಗುತ್ತದೆ ಎಂಬುದು ಅಜರಯ್ಯನವರ ಪ್ರಶ್ನೆ.

ಆ ಪ್ರಶ್ನೆ ಬೇಗನೆ ಅವರ ಮೇಲೆಯೇ ತಿರುಗಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರು ದೋರ್ನಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ. ಭಾರತೀಯನ ಕೈಕೆಳಗೆ ಯುರೋಪಿಯನ್ನರು ಕೆಲಸ ಮಾಡುವುದೇ ಎಂದು ಗೊಣಗಿದವರಿದ್ದರು. ಅದಕ್ಕೇ ಮೊದಲಿಗೆ ಅವರಿಗೆ ಕೊಟ್ಟದ್ದು ಪುಟ್ಟ ಪ್ರಾಂತ. ಬೆನ್ನಿಗೆ ನಿಂತವರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಗಣಿತ, ತತ್ವಶಾಸ್ತ್ರ ಓದಿದವರಿಗೆಲ್ಲ ಪರಿಚಯವಿರುವ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್‌ರ ಅಣ್ಣ.

ಕುರ್ಚಿ ಸಿಕ್ಕಿದ ಮೇಲೆ ಅಜರಯ್ಯ ಎಲ್ಲಿ ಕೂತರು? ಅವರ ಸಭೆಗೆ ಬಂದವರು ಹೆಚ್ಚಾಗಿ ತೆಲುಗು ಹಳ್ಳಿಗಳ ಮಾಲರು, ಮಾದಿಗರು. ಭೂಮಿ ಇಲ್ಲದವರು, ವೆಟ್ಟಿ ದುಡಿಯುವವರು. ಅವರ ಕೇರಿಗಳಿಗೆ ಬಿಷಪ್ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು, ಡೇರೆ ಹಾಕಿ ಉಳಿಯುತ್ತಿದ್ದರು. ಅವರು ಹಿಡಿದ ಹಟ ಒಂದು. ಬಡವರ ಸಭೆಯೂ ಕೊಡುವ ಸಭೆಯಾಗಬೇಕು. ಇಂಗ್ಲೆಂಡಿನ ದುಡ್ಡಿಗೆ ಕಾಯಬಾರದು. ನಮ್ಮ ದಕ್ಷಿಣದ ಸಭೆಗಳಲ್ಲಿ ಒಲೆಗೆ ಎಸರಿಡುವ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ಇದೆಯಲ್ಲ, ಅಂಥ ಕೊಡುಗೆಯ ಮೇಲೆ ಅವರಿಗೆ ಅಪಾರ ನಂಬಿಕೆ. ಕ್ರೈಸ್ತನು ಕೊಡುವುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಮೊದಲು ಓದಿದಾಗ ಇದು ನನಗೆ ಕಠಿಣವಾಗಿ ಕಂಡಿತ್ತು. ತಿನ್ನಲು ಇಲ್ಲದವರ ಕೈಯಿಂದ ಹಿಡಿ ಅಕ್ಕಿ ಯಾಕೆ? ಈಗ ಬೇರೆ ರೀತಿ ಕಾಣುತ್ತದೆ. ಎಡಿನ್‌ಬರೋದಲ್ಲಿ ಸ್ನೇಹ ಕೇಳಿದ್ದೂ ದೋರ್ನಕಲ್‌ನಲ್ಲಿ ಹಿಡಿ ಅಕ್ಕಿ ಕೇಳಿದ್ದೂ ಒಂದೇ ಮಾತು. ಬರೀ ತೆಗೆದುಕೊಳ್ಳುವವನನ್ನು ಯಾರೂ ಸ್ನೇಹಿತ ಅನ್ನುವುದಿಲ್ಲ. ಅವನಿಗೂ ಕೊಡುವ ಹಕ್ಕಿದೆ ಎಂದು ಒಪ್ಪಿದ ದಿನ ಅವನು ನಿಮ್ಮ ಸಮ. ನನಗೆ ಎಲೆ ಹಾಕಿಸಿಟ್ಟಿದ್ದು ಆ ಅಣ್ಣ ನನಗೆ ಕೊಡಬೇಕೆಂದಿದ್ದ ಕೊಡುಗೆ. ನಾನು ಐದು ಸಾವಿರ ಕಳಿಸಿ ಅದನ್ನು ಬೇಡವೆಂದಿದ್ದೆ.

ಅಜರಯ್ಯ ಎಲ್ಲದರಲ್ಲಿ ಗೆದ್ದರು ಎಂದು ಹೇಳುವಂತಿಲ್ಲ. ಮಾಲರು, ಮಾದಿಗರು ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳಬೇಕು ಎಂಬುದು ಅವರ ಸಭೆಯ ನಿಯಮ. ಆದರೆ ಪಾತ್ರೆ ಒಂದಾದ ಮಾತ್ರಕ್ಕೆ ಕೇರಿ ಒಂದಾಗಲಿಲ್ಲ. ನಮ್ಮ ಕಡೆಯ ಎಡಗೈ ಬಲಗೈ ಜಗಳವನ್ನು ಕಂಡವರಿಗೆ ಇದು ಹೊಸದಲ್ಲ. ಗಾಂಧೀಜಿಯವರ ಜೊತೆಗೂ ಅವರಿಗೆ ತಿಕ್ಕಾಟವಾಯಿತು. 1930ರ ದಶಕದಲ್ಲಿ ದೋರ್ನಕಲ್‌ನ ಕ್ರೈಸ್ತರ ಸಂಖ್ಯೆ ಲಕ್ಷ ದಾಟಿದ್ದಾಗ, ಓದುಬರಹವಿಲ್ಲದ ಬಡವರು ತಿಳಿದು ಮತ ಬದಲಿಸುತ್ತಾರೆಯೇ ಎಂದು ಗಾಂಧೀಜಿ ಸಂಶಯಪಟ್ಟರು. ಮಿಷನರಿಗಳು ಸೇವೆ ಮಾಡಲಿ, ಮತಾಂತರ ಬೇಡ ಎಂಬುದು ಅವರ ನಿಲುವು. ಆ ಜನರ ನಡುವೆ ಬದುಕಿದ್ದ ಅಜರಯ್ಯ ಅದನ್ನು ಒಪ್ಪಲಿಲ್ಲ. ಹಾಗೆಂದು ಕ್ರೈಸ್ತರು ಬೇರೆ ಗುಂಪಾಗಿ ನಿಲ್ಲಬೇಕೆಂದೂ ಅವರು ಬಯಸಲಿಲ್ಲ. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದವರಲ್ಲಿ ಅವರೂ ಒಬ್ಬರು.

ಸಭೆಗಳ ನಡುವಿನ ಗೋಡೆಗಳೂ ಅವರನ್ನು ಕಾಡಿದವು. 1919ರಲ್ಲಿ ತರಂಗಂಬಾಡಿಯಲ್ಲಿ ಎಡ್ಡಿ ಮತ್ತಿತರರೊಂದಿಗೆ ಕೂತು ದಕ್ಷಿಣದ ಸಭೆಗಳು ಒಂದಾಗಲಿ ಎಂಬ ಕರೆ ಕೊಟ್ಟರು. ಅದು ಕೈಗೂಡಲು ಇಪ್ಪತ್ತೆಂಟು ವರ್ಷ ಬೇಕಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅಜರಯ್ಯ ಇರಲಿಲ್ಲ. 1945ರ ಜನವರಿ 1ರಂದು ದೋರ್ನಕಲ್‌ನಲ್ಲೇ ತೀರಿಕೊಂಡಿದ್ದರು.

*

ಅಕ್ಟೋಬರ್‌ನ ಒಂದು ಶನಿವಾರ ನಾನು ದೋರ್ನಕಲ್‌ಗೆ ಹೋದೆ. ಅಣ್ಣ ನಾಲ್ಕು ದಿನ ರಜೆ ಹಾಕಿ ಊರಿಗೆ ಹೊರಟಿದ್ದರು. “ನಾನೂ ಬರಲಾ?” ಅಂದೆ. ಅವರು ಗಾಬರಿಯಾದರು. “ಯಾಕೆ ಸಾರ್?” ಅಂದರು. ನಿಮ್ಮ ಮನೆಯಲ್ಲಿ ಊಟ ಬಾಕಿ ಇದೆ ಅಂದೆ. ಸಿಕಂದರಾಬಾದಿನಿಂದ ಸುಮಾರು ನಾಲ್ಕು ಗಂಟೆಯ ಹಾದಿ. ರೈಲಿನಲ್ಲಿ ಪಕ್ಕಪಕ್ಕ ಕೂತೆವು. ಕಾಜೀಪೇಟೆ ದಾಟುವವರೆಗೆ ಇಬ್ಬರಿಗೂ ಮಾತು ಸಿಗಲಿಲ್ಲ. ಆಮೇಲೆ ಅವರ ತಂದೆಯ ಮಾತು ಬಂತು. ಚಿಕ್ಕಂದಿನಲ್ಲಿ ಬಿಷಪ್ ಅಜರಯ್ಯನವರನ್ನು ಕಂಡವರಂತೆ. ಏನು ನೆನಪು ಹೇಳುತ್ತಿದ್ದರು ಎಂದು ಕೇಳಿದೆ. “ನಮ್ಮ ಮನೆ ಗಂಜಿ ಕುಡಿದರು ಅಂತ ಹೇಳೋರು ಸಾರ್. ಅದೊಂದೇ.”

ಊರಿನಲ್ಲಿ ಮೊದಲು ಕೆಥೆಡ್ರಲ್ ನೋಡಿದೆವು. ಅಜರಯ್ಯ ವರ್ಷಗಟ್ಟಲೆ ಕನಸು ಕಂಡು ಕಟ್ಟಿಸಿದ್ದು, 1939ರ ಜನವರಿ 6ರಂದು ಪ್ರತಿಷ್ಠೆಯಾಗಿದ್ದು. ಚೂಪು ಗೋಪುರದ ಇಂಗ್ಲಿಷ್ ಚರ್ಚು ನೋಡಿ ಅಭ್ಯಾಸವಿರುವವರಿಗೆ ಗುರುತೇ ಸಿಗುವುದಿಲ್ಲ. ಮೇಲೆ ಮಸೀದಿಯಂಥ ಗುಮ್ಮಟ, ಮಿನಾರು. ಒಳಗೆ ದೇವಸ್ಥಾನದ ಮಂಟಪದಂಥ ಕಲ್ಲಿನ ಕಂಬಗಳು. ನಿಜಾಮರ ರಾಜ್ಯದಲ್ಲಿ, ತೆಲುಗು ಹಳ್ಳಿಗರ ನಡುವೆ, ಒಬ್ಬ ತಮಿಳ ಕಟ್ಟಿಸಿದ ಮನೆ. ಅಕ್ಕಪಕ್ಕದವರ ಮನೆಯಿಂದ ಒಂದೊಂದು ಸಾಮಾನು ಕೇಳಿ ತಂದು ಹಬ್ಬ ಮಾಡಿದ ಹಾಗಿದೆ ಅನ್ನಿಸಿತು.

ಮಧ್ಯಾಹ್ನ ಅಣ್ಣನ ಹಳ್ಳಿ ಮುಟ್ಟಿದೆವು. ಎರಡು ಕೋಣೆಯ ಮನೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ, ಮುಂದೊಂದು ಸ್ಟೂಲು. ಅನ್ನ, ನಾಟಿಕೋಳಿ ಸಾರು, ಗೋಂಗೂರ. ಬಡಿಸಿ ಅಣ್ಣ ಬಾಗಿಲ ಹತ್ತಿರ ನಿಂತರು, ಅವರ ಹೆಂಡತಿ ಒಳಗೆ. “ಕೂತ್ಕೊಳ್ಳಿ ಅಣ್ಣಾ, ಜೊತೆಗೇ ತಿನ್ನೋಣ,” ಅಂದೆ. “ನೀವು ತಿನ್ನಿ ಸಾರ್, ನಾವು ಆಮೇಲೆ,” ಅಂದರು. ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ನನ್ನ ದನಿ ಆಫೀಸಿನ ದನಿಯಾಗಿತ್ತು. ಅದು ನನಗೇ ಕೇಳಿಸಿತು. ಸ್ನೇಹವನ್ನು ಅಪ್ಪಣೆ ಮಾಡಿ ಪಡೆಯುವಂತಿದ್ದರೆ ಅಜರಯ್ಯ ಎಡಿನ್‌ಬರೋವರೆಗೆ ಹೋಗಿ ಕೇಳಬೇಕಾಗಿರಲಿಲ್ಲ.

ಸುಮ್ಮನೆ ಕುರ್ಚಿಯಿಂದ ಎದ್ದು, ತಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ. ಅಣ್ಣನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಒಳಗಿನಿಂದ ಅವರ ಹೆಂಡತಿ ತೆಲುಗಿನಲ್ಲಿ ಏನೋ ಗದರಿದರು. ಅಣ್ಣ ಮಂಚದ ಅಂಚಿಗೆ ಕೂತರು, ಮತ್ತೆ ಎದ್ದರು, ಕೊನೆಗೆ ಒಂದು ತಟ್ಟೆ ತಂದು ಎರಡು ಮಾರು ದೂರದಲ್ಲಿ ನೆಲಕ್ಕೆ ಕೂತು, ತಲೆ ತಗ್ಗಿಸಿ ಬೇಗಬೇಗ ತಿಂದು ಎದ್ದುಬಿಟ್ಟರು. ಇಬ್ಬರಿಗೂ ಕಷ್ಟವಾಯಿತು. ಆರು ವರ್ಷದ ‘ಸಾರ್’ ಒಂದು ಊಟದಲ್ಲಿ ಕರಗುತ್ತದೆ ಎಂದುಕೊಂಡಿದ್ದು ನನ್ನ ದಡ್ಡತನ.

ಹೊರಡುವಾಗ ಅವರ ಹೆಂಡತಿ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ತಂದುಕೊಟ್ಟರು. ನನ್ನ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಅಲ್ಲಿಂದಲೇ ವಾಪಸು ತೆಗೆದೆ. ಎರಡೂ ಕೈಯಲ್ಲಿ ಬಾಟಲಿ ತೆಗೆದುಕೊಂಡು, “ನಮ್ಮ ಮನೆಗೂ ಬನ್ನಿ ಅಕ್ಕಾ, ಡಿಸೆಂಬರ್‌ನಲ್ಲಿ,” ಅಂದೆ. ಬರುತ್ತೇವೆ ಅಂದರು. ನಾನು ಮೇ ತಿಂಗಳಲ್ಲಿ ಅಂದ ಹಾಗೆಯೇ ಅಂದರೋ ಏನೋ.

ವಾಪಸು ಬರುವಾಗ ರೈಲಿನಲ್ಲಿ ಫೋನು ತೆಗೆದು ‘ವಾಚ್‌ಮನ್ ಬಿ ಬ್ಲಾಕ್’ ಅಳಿಸಿ ಅವರ ಹೆಸರು ಬರೆದೆ. ಆ ಹೆಸರಿನ ಅರ್ಧ ಬೈಬಲಿನದು, ಅರ್ಧ ಅವರಜ್ಜನದು. ಅಜ್ಜನ ಹೆಸರು ನನಗೆ ಆ ದಿನವೇ ಗೊತ್ತಾಗಿದ್ದು, ಅವರೇ ಹೇಳಿದ್ದರಿಂದ.

ಉಪ್ಪಿನಕಾಯಿ ಅರ್ಧ ಬಾಟಲಿ ಉಳಿದಿದೆ. ಡಿಸೆಂಬರ್‌ಗೆ ನಮ್ಮ ಮನೆಯಲ್ಲಿ ಎಲೆ ಹಾಕಿರುತ್ತೇವೆ. ಅವರು ಬರದಿದ್ದರೆ ಅದು ಹೇಗಿರುತ್ತದೆ ಎಂದು ನನಗೂ ತಿಳಿಯುತ್ತದೆ.